ಅಬ್ಬೆಯಿಂದ ಅವ್ವನವರೆಗೆ: ಗಡಿನಾಡಿನ ಹೆಣ್ಣುಮಕ್ಕಳ ಹೆಸರುಗಳು

ಮಗುವಿಗೆ ಹೆಸರಿಡುವುದು ಮನೆಯವರ ಕೆಲಸ. ಆ ಹೆಸರನ್ನು ಮೊದಲ ಬಾರಿಗೆ ಶಾಯಿಯಲ್ಲಿ ಬರೆದಿಡುವುದು ಬಹುಕಾಲ ನಮ್ಮ ಹಳ್ಳಿಗಳಲ್ಲಿ ಉಪಾಧ್ಯಾಯರ ಕೆಲಸವಾಗಿತ್ತು. ಈಗ ಜನನ ಪ್ರಮಾಣಪತ್ರ ಮೊದಲು ಬರುತ್ತದೆ, ಶಾಲೆಯ ದಾಖಲಾತಿ ಪುಸ್ತಕ ಅನಂತರ. ಆದರೂ ಹೆಸರಿನ ವಿಚಾರ ಉಪಾಧ್ಯಾಯರನ್ನು ಬಿಟ್ಟಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳು ತಂದೆತಾಯಿಗಳಾಗಿ ಬಂದು, "ಹೆಣ್ಣು ಮಗು ಹುಟ್ಟೇದರೀ, ಒಂದು ಹೆಸರು ಹೇಳ್ರಿ, ಯಾರೂ ಇಟ್ಟಿರಬಾರದು, ಕಿವಿಗೆ ಇಂಪಾಗಿರಬೇಕು, ಅರ್ಥವೂ ಇರಬೇಕು" ಎಂದು ಕೇಳುತ್ತಾರೆ. ಕೇಳಿಕೆ ನ್ಯಾಯವಾದುದೇ. ಅವರ ಕೈಯಲ್ಲಿರುವ ಪಟ್ಟಿಯನ್ನು ನೋಡಿದರೆ ಮಾತ್ರ ಅದರಲ್ಲಿರುವ ಹೆಸರುಗಳು ಊರೂರಲ್ಲಿಯೂ ಒಂದೇ. ವಿರಳವಾದುದನ್ನು ಹುಡುಕಲು ಹೊರಟವರೆಲ್ಲರೂ ಒಂದೇ ಅಂಗಡಿಗೆ ಹೋದಂತಾಗಿದೆ.

ಈ ಮೂರು ಬೇಡಿಕೆಗಳಿಗೂ ಒಪ್ಪುವ ಹೆಸರುಗಳು ನಮ್ಮ ನಾಡಿನ ಕಲ್ಲುಗಳಲ್ಲಿಯೂ ನಮ್ಮ ಅಜ್ಜಿಯಂದಿರ ಬಾಯಲ್ಲಿಯೂ ಇವೆ ಎಂಬುದು ನಮ್ಮ ನಮ್ರ ಅಭಿಪ್ರಾಯ. ಅಷ್ಟೇ ಅಲ್ಲ, ನಾವು 'ಹಳ್ಳಿಯ ಹೆಸರು' ಎಂದು ಮೂಗು ಮುರಿಯುವ ಹೆಸರಿಗೂ ಶಾಸನಗಳಲ್ಲಿ ರಾಣಿಯರಿಗೆ ಸಂದ ಹೆಸರಿಗೂ ರಕ್ತಸಂಬಂಧವಿದೆ. ಅದನ್ನು ತೋರಿಸುವುದು ಈ ಲೇಖನದ ಉದ್ದೇಶ. ಜೊತೆಗೆ ನಮ್ಮದೊಂದು ಹಳೆಯ ಸಾಲವೂ ಇದೆ. ಅದನ್ನು ಯಥಾಸ್ಥಾನದಲ್ಲಿ ಒಪ್ಪಿಸುವೆವು.

ಅಬ್ಬೆ

ಹತ್ತನೆಯ ಶತಮಾನದ ಆಸುಪಾಸಿನ ಕನ್ನಡ ಶಾಸನಗಳನ್ನು ತಿರುವಿದರೆ ಹೆಂಗಸರ ಹೆಸರುಗಳ ಕೊನೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪದ 'ಅಬ್ಬೆ'. ಅಬ್ಬೆಯೆಂದರೆ ತಾಯಿ. ಜಕ್ಕಿಯಬ್ಬೆ, ಅತ್ತಿಮಬ್ಬೆ, ಗುಂಡಮಬ್ಬೆ, ದೇಕಬ್ಬೆ, ಪಾಂಬಬ್ಬೆ, ಸಾವಿಯಬ್ಬೆ ಮುಂತಾದವು ಈ ಬಗೆಯವು. ತೊಟ್ಟಿಲಲ್ಲಿರುವ ಕೂಸನ್ನೂ ತಾಯಿಯೆಂದೇ ಕರೆಯುವ ಗೌರವ ಇದರಲ್ಲಿದೆ.

ಇವರಲ್ಲಿ ಜಕ್ಕಿಯಬ್ಬೆ ಹತ್ತನೆಯ ಶತಮಾನದ ಮೊದಲ ಭಾಗದವಳು. ಗಂಡನಾದ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ ರಾಷ್ಟ್ರಕೂಟರ ಆಳ್ವಿಕೆಯಲ್ಲಿ ನಾಗರಖಂಡ 70ರ ಅಧಿಕಾರವನ್ನು ವಹಿಸಿಕೊಂಡು ದಕ್ಷತೆಯಿಂದ ನಡೆಸಿದಳು. ಕಡೆಗೆ ಬಂದಣಿಕೆಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. 'ಜಕ್ಕಿ' ಎಂಬುದು ಯಕ್ಷಿಯ ತದ್ಭವ. ಹಾಗಾದರೆ ಜಕ್ಕಿಯಬ್ಬೆ ಎಂದರೆ ಯಕ್ಷಿಯಂತಹ ತಾಯಿ. ಇಂದಿಗೂ ಉತ್ತರ ಭಾಗದಲ್ಲಿ ಜಕ್ಕವ್ವನೆಂಬ ಹೆಸರು ಅಲ್ಲಲ್ಲಿ ಉಳಿದಿದೆ. ಆ ಹೆಸರಿನ ಮುದುಕಿಗೆ ತಾನು ಒಬ್ಬ ಅಧಿಕಾರಿಣಿಯ ಹೆಸರನ್ನು ಹೊತ್ತಿದ್ದೇನೆಂಬುದು ಎಲ್ಲಿ ಗೊತ್ತು?

ಅತ್ತಿಮಬ್ಬೆಯ ಕೀರ್ತಿ ಸರ್ವವಿದಿತ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳು, 1500 ಜಿನಬಿಂಬಗಳನ್ನು ದಾನವಿತ್ತವಳು, ದಾನಚಿಂತಾಮಣಿಯೆಂದು ಹೆಸರಾದವಳು. 1007ರ ಲಕ್ಕುಂಡಿಯ ಶಾಸನ ಅವಳ ಗುಣಗಳನ್ನು ಹಾಡಿದೆ. ಗಡಿನಾಡಿನವರಾದ ನಾವು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಅವಳ ತಂದೆ ಮಲ್ಲಪಯ್ಯನ ಮನೆತನ ವೆಂಗಿನಾಡಿಗೆ ಸೇರಿದ ಕಮ್ಮೆನಾಡಿನ ಪುಂಗನೂರಿನದು. ಅಂದರೆ ಕನ್ನಡದ ಅತ್ಯಂತ ಗೌರವಾನ್ವಿತ ಸ್ತ್ರೀನಾಮಗಳಲ್ಲೊಂದು ಇಂದಿನ ಗಡಿಯ ಆಚೆಗಿನ ಮನೆತನದಿಂದ ಬಂದುದು.

ಹೆಸರಿಡುವ ಚರಿತ್ರೆಯಲ್ಲಿ ಅತ್ತಿಮಬ್ಬೆಗೆ ಮತ್ತೊಂದು ಸ್ಥಾನವಿದೆ. ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಒಂದು ಹೆಸರು ಚಾವುಂಡರಾಯನ ನೆನಪು, ಇನ್ನೊಂದು ಈ ದಾನಶೀಲೆಯ ನೆನಪು. ರನ್ನನು ಬಳೆಗಾರರ ಕುಲದವನು. ಅವನ ತಾಯಿ ಅಬ್ಬಲಬ್ಬೆ, ಹೆಂಡಿರು ಜಕ್ಕಿ ಮತ್ತು ಶಾಂತಿ. ಉಪಕಾರ ಮಾಡಿದ ಹೆಣ್ಣಿನ ಹೆಸರನ್ನು ಸ್ವಂತ ಮಗಳಿಗೆ ಇಟ್ಟು ಋಣ ತೀರಿಸುವ ಈ ಪದ್ಧತಿ ಸಾವಿರ ವರ್ಷಗಳಷ್ಟು ಹಳೆಯದು.

ಆದಿಕವಿ ಪಂಪನ ತಾಯಿಯ ಹೆಸರು ನಮಗೆ ತಿಳಿದಿರುವುದೂ ಗಡಿಯಾಚೆಯ ಕಲ್ಲೊಂದರ ಕೃಪೆಯಿಂದಲೇ. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿದೆ. ಅದರಲ್ಲಿ ತಾಯಿ ಅಬ್ಬಣಬ್ಬೆಯೆಂದೂ ಅವಳು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ತಿಳಿದುಬರುತ್ತದೆ. ಆ ಬಂಡೆಯೊಂದು ಇಲ್ಲದಿದ್ದರೆ ಆದಿಕವಿಯ ಹೆತ್ತವಳು ಹೆಸರಿಲ್ಲದವಳಾಗಿಯೇ ಉಳಿಯುತ್ತಿದ್ದಳು. ಹೆಸರನ್ನು ಬರೆದಿಡುವುದು ಎಂತಹ ಕೆಲಸವೆಂಬುದನ್ನು ನಾವು ಉಪಾಧ್ಯಾಯರು ಇದರಿಂದ ಅರಿಯಬಹುದು.

ಈ ಅಬ್ಬೆ ಎಲ್ಲಿಗೂ ಹೋಗಲಿಲ್ಲ. ಪೊನ್ನು ಹೊನ್ನಾದಂತೆ, ಅಬ್ಬೆಯು ಅವ್ವೆಯಾಗಿ, ಅವ್ವೆಯು ಅವ್ವಳಾಗಿ ನಮ್ಮ ಮನೆಗಳಲ್ಲಿ ಉಳಿದಳು. ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಮಕ್ಕಳು ಇಂದಿಗೂ ತಾಯಿಯನ್ನು ಅಬ್ಬೆಯೆಂದೇ ಕರೆಯುತ್ತಾರೆ. ನೀಲಗಿರಿಯ ಬಡಗರಲ್ಲಿ ಅವಳು ಅವ್ವೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳಲ್ಲಿ ಅವ್ವ. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ತಮಿಳಿನಲ್ಲಿ ಔವೈ ಎಂದರೆ ಪೂಜ್ಯಳಾದ ವೃದ್ಧೆ. ಗಡಿಗಳನ್ನು ಎಳೆದವರು ಈ ಒಂದು ಪದವನ್ನು ತುಂಡರಿಸಲಾರರು. ಗಂಗವ್ವ, ನೀಲವ್ವ, ಲಕ್ಕವ್ವ, ಹೊನ್ನವ್ವ ಎಂಬ ಹೆಸರುಗಳನ್ನು ಕೇಳಿದಾಗ ಅತ್ತಿಮಬ್ಬೆ, ಅಬ್ಬಣಬ್ಬೆಯರ ಮೊಮ್ಮಕ್ಕಳನ್ನು ಕಂಡಂತೆ ನಮಗೆ ಸಂತೋಷವಾಗುತ್ತದೆ.

ಶಾಂತಲೆ, ಚಂದಲೆ, ಕೇತಲೆ

ಎರಡನೆಯ ಗುಂಪು 'ಅಲೆ' ಎಂದು ಮುಗಿಯುವ ಹೆಸರುಗಳದು. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಇವಕ್ಕೆ ಬಹಳ ಮನ್ನಣೆ. ಮುಂದೆ 'ದೇವಿ' ಸೇರಿದಾಗ ಶಾಂತಲದೇವಿ, ಚಂದಲದೇವಿ ಎಂದಾಗುತ್ತವೆ. ಇವುಗಳ ಸೊಗಸು ಎರಡು ಬಗೆಯದು: ಮೊದಲ ಭಾಗದಲ್ಲಿ ಅರ್ಥವುಳ್ಳ ಒಂದು ಪದ, ಕೊನೆಯಲ್ಲಿ ನಾಲಗೆಯನ್ನು ಮೃದುವಾಗಿ ತಿರುಗಿಸುವ ಲಕಾರ. ಪದ್ಮಲೆಯಲ್ಲಿ ಕಮಲವಿದೆ, ಶಾಂತಲೆಯಲ್ಲಿ ಶಾಂತಿಯಿದೆ, ಬಮ್ಮಲೆಯಲ್ಲಿ ಬ್ರಹ್ಮನು ಬಮ್ಮನಾಗಿದ್ದಾನೆ, ಸೋವಲೆಯಲ್ಲಿ ಸೋಮನು, ಎಂದರೆ ಚಂದ್ರನು, ಸೋವನಾಗಿದ್ದಾನೆ, ಮೈಲಲೆ ಎಂದೊಡನೆ ಮೈಲಾರನ ನೆನಪಾಗುತ್ತದೆ.

ಶಾಂತಲೆಯ ವಿಷಯ ವಿಸ್ತರಿಸಬೇಕಾಗಿಲ್ಲ. 1117ರಲ್ಲಿ ಬೇಲೂರಿನಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠಿಸಿದವಳು, 1123ರಲ್ಲಿ ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡವಳು. ಗಮನಿಸಬೇಕಾದುದು ಹೆಸರಿನ ಪುನರ್ಜನ್ಮವನ್ನು. ಕೆ. ವಿ. ಅಯ್ಯರ್ ಅವರ ಕಾದಂಬರಿಯೂ ಆಮೇಲೆ ಸಿ. ಕೆ. ನಾಗರಾಜರಾವ್ ಅವರ ಕಾದಂಬರಿಯೂ ಈ ಹೆಸರನ್ನು ಕಲ್ಲಿನಿಂದ ಎಬ್ಬಿಸಿ ಮನೆಮನೆಗೆ ತಂದವು. ಒಂದು ಹೆಸರು ಎಂಟು ಶತಮಾನ ಮಲಗಿ ಎದ್ದು ಬರಬಹುದಾದರೆ ಅದರ ಅಕ್ಕತಂಗಿಯರೇಕೆ ಬರಬಾರದು? ಒಂದನೆಯ ಬಲ್ಲಾಳನನ್ನು 1103ರಲ್ಲಿ ಮದುವೆಯಾದ ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳು ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ ಎಂಬವರು. ಪದ್ಮಾ ಎಂಬ ಹೆಸರು ಊರಿಗೆ ಹತ್ತಿದೆ. ಪದ್ಮಲೆ ಎಲ್ಲಿಯೂ ಇಲ್ಲ.

ಚಂದಲದೇವಿ ಆರನೆಯ ವಿಕ್ರಮಾದಿತ್ಯನ ರಾಣಿ, ಇಂದು ಮಹಾರಾಷ್ಟ್ರದಲ್ಲಿರುವ ಕರಾಡದ ಶಿಲಾಹಾರರ ಮಗಳು. ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಅವಳ ಸ್ವಯಂವರವನ್ನು ವರ್ಣಿಸುವಾಗ ಅವಳನ್ನು ಚಂದ್ರಲೇಖೆಯಾಗಿಸಿದ್ದಾನೆ. ಕಾವ್ಯದಲ್ಲಿ ಚಂದ್ರಲೇಖೆ, ಶಾಸನದಲ್ಲಿ ಚಂದಲದೇವಿ. ಕವಿಯ ಸಂಸ್ಕೃತರೂಪ ಚೆನ್ನಾಗಿದೆಯೆಂದು ರಾಣಿ ತನ್ನ ದೇಸಿ ಹೆಸರನ್ನು ಬಿಡಲಿಲ್ಲ ಎಂಬುದನ್ನು ನಾವು ನೆನಪಿನಲ್ಲಿಡತಕ್ಕದ್ದು.

ಒಂದನೆಯ ಸೋಮೇಶ್ವರನ ರಾಣಿಯರಲ್ಲಿ ಮೈಲಲದೇವಿ 1053ರಲ್ಲಿ ಬನವಾಸಿ 12000ವನ್ನು ಆಳುತ್ತಿದ್ದಳು. ಇನ್ನೊಬ್ಬಳಾದ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು ನೋಡಿಕೊಳ್ಳುತ್ತಿದ್ದಳು. ಆ ಪೊನ್ನವಾಡವೇ ಇಂದಿನ ವಿಜಯಪುರ ಜಿಲ್ಲೆಯ ಹೊನವಾಡ. ನಮ್ಮ ಜತ್ತದ ಗಡಿಗೆ ದೂರವಲ್ಲ. ಅಲ್ಲಿ ಅವಳ ಅಧಿಕಾರಿ ಚಾಂಕಿರಾಜನು ಕಟ್ಟಿಸಿದ ತ್ರಿಭುವನತಿಲಕ ಜಿನಾಲಯಕ್ಕೆ ದತ್ತಿ ಬಿಟ್ಟುದನ್ನು 1054ರ ಶಾಸನ ಹೇಳುತ್ತದೆ. ಮುಂದಿನ ಶತಮಾನಕ್ಕೆ ಬಂದರೆ ಇದೇ ಕೇತಲದೇವಿ ಎಂಬ ಹೆಸರು ಭಾಲ್ಕಿಯ ಕುಂಬಾರ ಗುಂಡಯ್ಯನ ಹೆಂಡತಿಗೆ ಇದೆ. ಸಾಮ್ರಾಜ್ಯದ ರಾಣಿಗೂ ಮಡಕೆ ಮಾಡುವವನ ಮಡದಿಗೂ ಒಂದೇ ಹೆಸರು! ಹೆಸರಿನಲ್ಲಿ ಮೇಲುಕೀಳೆಂಬುದು ಅಂದು ನಾವು ಇಂದು ತಿಳಿದಷ್ಟು ಇರಲಿಲ್ಲ.

ಅಚ್ಚಗನ್ನಡದ ಹೆಸರುಗಳು

ಮೂರನೆಯದಾಗಿ, ಅಡ್ಡಗೋಡೆಯಿಲ್ಲದೆ ಅರ್ಥ ಕೊಡುವ ಹೆಸರುಗಳು. ಅಕ್ಕಾದೇವಿಯೆಂಬುದನ್ನು ನೋಡಿರಿ. ಚಾಲುಕ್ಯ ಜಯಸಿಂಹನ ಅಕ್ಕನಾದ ಈಕೆ ಕಿಸುಕಾಡು 70ನ್ನು ಆಳಿದಳು. 1047ರಲ್ಲಿ ಗೋಕಾಗೆಯ, ಅಂದರೆ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದಳು. ಅವಳ ಬಿರುದು 'ಗುಣದ ಬೆಡಂಗಿ'. ಬೆಡಂಗು ಎಂದರೆ ಚೆಲುವು, ಬೆಡಂಗಿ ಚೆಲುವೆ. ಗುಣದ ಬೆಡಂಗಿ ಎಂದರೆ ಗುಣವೇ ಚೆಲುವಾದವಳು. ಕೋಟೆಗೆ ಲಗ್ಗೆ ಹಾಕಿದ ಹೆಣ್ಣಿಗೆ ಇಂತಹ ಬಿರುದು ಕೊಟ್ಟ ಭಾಷೆಯಲ್ಲಿ ಸೊಗಸಾದ ಹೆಸರಿಲ್ಲವೆನ್ನುವವರಿಗೆ ಏನೆಂದು ಹೇಳೋಣ? ಅಕ್ಕನೆಂಬ ಪದವೂ ಬಹುಬಾಳಿಕೆಯದು. 1181ರಲ್ಲಿ ಆಚಿಯಕ್ಕನು ಕಟ್ಟಿಸಿದ ಬಸದಿ ಶ್ರವಣಬೆಳಗೊಳದಲ್ಲಿ ಅಕ್ಕನ ಬಸದಿಯೆಂದೇ ನಿಂತಿದೆ. ಉಡುತಡಿಯ ಮಹಾದೇವಿ ಇಡೀ ನಾಡಿಗೆ ಅಕ್ಕನಾದಳು.

ಶರಣೆಯರ ಹೆಸರುಗಳಲ್ಲಿ ಸತ್ಯಕ್ಕ, ಮುಕ್ತಾಯಕ್ಕ, ಲಕ್ಕಮ್ಮ, ಕಾಳವ್ವೆ, ರೆಮ್ಮವ್ವೆ, ಗೊಗ್ಗವ್ವೆ ಮುಂತಾದವು ಮನೆಮಾತಿನವೇ. ಲಕ್ಕಮ್ಮನ ಲಕ್ಕಿ ಲಕ್ಷ್ಮಿಯ ತದ್ಭವ. ಮುಕ್ತಾಯಕ್ಕನ ಹೆಸರಿನಲ್ಲಿ ಮುಕ್ತೆ, ಎಂದರೆ ಮುತ್ತು, ಹೊಳೆಯುತ್ತದೆ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನ ಹೆಸರಿನಲ್ಲಿ ಹೊನ್ನಿದೆ. ಅದೇ ಹೊನ್ನು ನಮ್ಮಲ್ಲಿ ಹೊನ್ನವ್ವ, ಚಿನ್ನವ್ವ, ಬಂಗಾರೆವ್ವ ಎಂದು ಮೂರು ಬಣ್ಣದಲ್ಲಿ ಬರುತ್ತದೆ. ಶ್ರೀಯು ಸಿರಿಯಾದುದು ಕಾಸರಗೋಡಿನ ತುಳು ಮನೆಗಳಲ್ಲಿ ಸಿರಿಯ ಕಥೆಯಾಗಿ ಬಾಳಿದೆ. ಆ ಕಥೆಯ ಹೆಣ್ಣುಮಕ್ಕಳಾದ ಸೊನ್ನೆ, ಗಿಂಡೆ, ಅಬ್ಬಗ, ದಾರಗ ಎಂಬ ಹೆಸರುಗಳನ್ನು ಬೇರೆಲ್ಲಿಯೂ ಕೇಳೆವು. ಹುಂಚದ ಸಾಂತರರ ಪಂಪಾದೇವಿಯ ಹೆಸರಿನ ಪಂಪೆಯೇ ಹಂಪೆಯಾಗಿ, ಆದವಾನಿ ರಾಯದುರ್ಗಗಳ ಕಡೆ ಹಂಪಮ್ಮನಾಗಿದ್ದಾಳೆ. ಹೀಗೆ ಒಂದೊಂದು ಗಡಿಯೂ ಒಂದೊಂದು ಹೆಸರನ್ನು ಸೆರಗಿನಲ್ಲಿ ಕಟ್ಟಿಕೊಂಡಿದೆ.

ನಮ್ಮ ಸೊಲ್ಲಾಪುರ ಸೀಮೆಯ ಸೆರಗಿನಲ್ಲಿರುವ ಹೆಸರು ಸುಗ್ಗವ್ವೆ. ಸೊನ್ನಲಿಗೆಯ ಸಿದ್ಧರಾಮನ ತಾಯಿ ಅವಳು, ತಂದೆ ಮುದ್ದುಗೌಡ. ರಾಘವಾಂಕನ ಕಾವ್ಯವನ್ನು ಓದಿದವರಿಗೆಲ್ಲ ಇದು ಗೊತ್ತು. ಅವಳನ್ನು ಸುಗ್ಗಲೆಯೆಂದೂ ಹೇಳುವುದುಂಟು. ಅವಳಿಗಿಂತ ಮೊದಲು ಚಾಲುಕ್ಯ ಜಯಸಿಂಹನ ರಾಣಿಗೂ ಸುಗ್ಗಲದೇವಿಯೆಂದು ಹೆಸರಿತ್ತು. ದೇವರ ದಾಸಿಮಯ್ಯನು ಅವಳ ಗುರುವೆಂದು ಐತಿಹ್ಯ. ಹೆಸರನ್ನು ಕೇಳಿದ ಒಕ್ಕಲಿಗನ ಕಿವಿಗೆ ಸುಗ್ಗಿಯೇ ಕೇಳಿಸುತ್ತದೆ. ಕಣದಲ್ಲಿ ಜೋಳದ ರಾಶಿ ಬೀಳಲಿರುವ ದಿನಗಳಲ್ಲಿ, ಮಕರ ಸಂಕ್ರಾಂತಿಗೆ, ಸೊಲ್ಲಾಪುರದಲ್ಲಿ ನಂದಿಧ್ವಜಗಳನ್ನು ಹೊತ್ತು ಸಿದ್ಧರಾಮನ ಗಡ್ಡೆಯ ಯಾತ್ರೆ ನಡೆಯುತ್ತದೆ. ಮಗನ ಜಾತ್ರೆಗೆ ಜನಸಾಗರ. ತಾಯಿಯ ಹೆಸರನ್ನು ಇಡುವವರು ವಿರಳ.

ನಮ್ಮ ಸಾಲ

ಈ ಹೆಸರಿನ ವಿಷಯದಲ್ಲಿ ನಮ್ಮಿಂದಾದ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆವು. ನಾವು ಪ್ರಾಥಮಿಕ ಶಾಲೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷಗಳಲ್ಲಿ ಮುದುಕಿಯೊಬ್ಬಳು ಮೊಮ್ಮಗಳ ಕೈಹಿಡಿದು ಶಾಲೆಗೆ ತಂದಳು. ಮಗುವಿನ ಹೆಸರು ಕೇಳಿದೆವು. ಮುದುಕಿ ಸಿದ್ಧರಾಮನ ತಾಯಿಯ ಹೆಸರನ್ನೇ ಹೇಳಿದಳು; ಅದು ಮುದುಕಿಯ ತಾಯಿಯ ಹೆಸರೂ ಆಗಿತ್ತಂತೆ. ತರಬೇತಿ ಮುಗಿಸಿ ಬಂದ ಹುರುಪಿನಲ್ಲಿದ್ದ ನಮಗೆ ಅದು ಒರಟಾಗಿ ಕೇಳಿಸಿತು. "ಮುಂದೆ ಹುಡುಗಿ ಕಲಿತು ದೊಡ್ಡವಳಾಗುವವಳು, ಚೆಂದದೊಂದು ಹೆಸರು ಇರಲಿ" ಎಂದು ಅದೇ ಮೊದಲ ಅಕ್ಷರದ, ಆಗ ಎಲ್ಲೆಡೆ ಕೇಳುತ್ತಿದ್ದ ಬೇರೊಂದು ಹೆಸರನ್ನು ಬರೆದೆವು. ಮುದುಕಿ ಮರುಮಾತಾಡಲಿಲ್ಲ. ಮಾಸ್ತರರು ಬರೆದುದೇ ಸರಿಯೆಂದು ನಂಬಿದ ಕಾಲ ಅದು.

ಇಪ್ಪತ್ತು ವರ್ಷಗಳಿಗೂ ಮಿಕ್ಕು ಕಳೆದ ಮೇಲೆ ಆ ಹುಡುಗಿ ಹೆಂಗಸಾಗಿ ನಮ್ಮನ್ನು ಹುಡುಕಿಕೊಂಡು ಬಂದಳು. ತಂದೆ ತೀರಿಕೊಂಡಿದ್ದ. ಹೊಲದ ಉತಾರಕ್ಕೆ ವಾರಸುದಾರಳಾಗಿ ಅವಳ ಹೆಸರನ್ನು ಸೇರಿಸಬೇಕಾಗಿತ್ತು. ಊರಿನವರು ಹೇಳಿದ ಹೆಸರು ಒಂದು, ಶಾಲೆಯ ದಾಖಲೆಯ ಹೆಸರು ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಲು ಅವಳು ಮೂರು ಸಲ ತಾಲೂಕಿಗೆ ಅಲೆದಿದ್ದಳು. ನಾವು ಸಾಕ್ಷಿ ಹಾಕಿಕೊಟ್ಟೆವು. ಹೊರಡುವಾಗ ಅವಳು, "ನೀವು ಕೊಟ್ಟ ಹೆಸರು ಚೆಂದ ಐತ್ರಿ. ಆದ್ರ ಅದನ್ನ ಯಾರೂ ಕರೀಲಿಲ್ಲ. ನಮ್ಮ ಆಯಿ ಸಾಯೂತನ ತನ್ನ ಅವ್ವನ ಹೆಸರೇ ಕರದ್ಲು" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದುದರಿಂದಲೇ ನಮಗೆ ಅದು ಇಂದಿಗೂ ಕೇಳಿಸುತ್ತಿದೆ.

ಅವಳು ಹೋದ ಮೇಲೆ ನಾವು ಹಳೆಯ ಪುಸ್ತಕಗಳನ್ನು ತೆರೆದು ನೋಡಿದೆವು. ಲಕ್ಕವ್ವನೆಂದು ಬಂದವಳು ಲಕ್ಷ್ಮಿಯಾಗಿದ್ದಳು, ನೀಲವ್ವ ನೀಲಾಬಾಯಿಯಾಗಿದ್ದಳು, ಪಾರವ್ವ ಪಾರ್ವತಿಯಾಗಿದ್ದಳು. ಎಲ್ಲವೂ ನಮ್ಮ ಅಕ್ಷರವೇ. ಇದರಲ್ಲಿ ಯಾವ ಸರ್ಕಾರದ ಒತ್ತಾಯವೂ ಇರಲಿಲ್ಲ.

ಲಿಪಿಯ ತೊಡಕು ಬೇರೆಯಾಗಿಯೇ ಇದೆ. ಮರಾಠಿಯ ದೇವನಾಗರಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಚೆನ್ನವ್ವ ಚೇನ್ನವ್ವಾ ಆಗುತ್ತಾಳೆ, ಹೊನ್ನವ್ವ ಹೋನ್ನವ್ವಾ ಆಗುತ್ತಾಳೆ, ಶಾಂತಲೆಯ ಎಕಾರ ಆಕಾರವಾಗುತ್ತದೆ. ಹೊಸೂರು, ತಾಳವಾಡಿಗಳಲ್ಲಿ ತಮಿಳು ಲಿಪಿಯು ಪ, ಬ, ಭಗಳಿಗೆ ಒಂದೇ ಅಕ್ಷರವನ್ನು ಕೊಡುವುದರಿಂದ ಭಾಗ್ಯವನ್ನು ಓದುವವನು ಊಹಿಸಿ ಓದಬೇಕು. ಇದು ಆ ಭಾಷೆಗಳ ದೋಷವಲ್ಲ. ಒಂದು ನುಡಿಯ ಹೆಸರು ಇನ್ನೊಂದರ ಲಿಪಿಯ ಬಾಗಿಲಲ್ಲಿ ತಲೆ ತಗ್ಗಿಸಿ ಹೋಗಬೇಕಾಗುತ್ತದೆ, ಅಷ್ಟೆ. ಆದರೆ ಬಾಗಿಲು ದಾಟಿದ ಮೇಲೆ ತಲೆ ಎತ್ತಿಸಬೇಕಾದವರು ಕನ್ನಡ ಶಾಲೆಯ ಉಪಾಧ್ಯಾಯರು. ನಾವು ಅದನ್ನು ಮಾಡಲಿಲ್ಲ.

ಬದಲಿಸಬೇಕಾದ ಹೆಸರೂ ಉಂಟು

ಹಾಗೆಂದು ಹಳೆಯದೆಲ್ಲ ಪೂಜ್ಯವೆಂದು ನಾವು ವಾದಿಸುವುದಿಲ್ಲ. ಗಂಡು ಬೇಕೆಂದು ಕಾದು ಮತ್ತೆ ಹೆಣ್ಣಾದಾಗ ಇಟ್ಟ ಸಾಕವ್ವ, ಸಾಕಮ್ಮ ಎಂಬ ಹೆಸರುಗಳು ನಮ್ಮಲ್ಲಿಯೂ ಇವೆ. 'ಇನ್ನು ಸಾಕು' ಎಂಬ ನಿಟ್ಟುಸಿರು ಅವುಗಳಲ್ಲಿದೆ. ಮರಾಠಿಯಲ್ಲಿ ಇದಕ್ಕೆ ಸಮಾನವಾದುದು ನಕುಸಾ, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಈ ಹೆಸರಿನ 200ಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರುಗಳನ್ನು ಕೊಟ್ಟರು. ಅದು ಸರಿಯಾದ ಬದಲಾವಣೆ. ಮಗುವನ್ನು ಪ್ರತಿದಿನ ಅವಮಾನಿಸುವ ಹೆಸರನ್ನು ತೆಗೆಯಲೇಬೇಕು. ತಿಪ್ಪವ್ವನೆಂಬುದರ ಮಾತು ಬೇರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಸಾವಿನ ಕಣ್ಣು ತಪ್ಪಿಸಲು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಇಟ್ಟ ಹೆಸರದು. ಕೇಳಲು ಹೊಲಸು, ಒಳಗೆ ತಾಯಿಯ ಪ್ರಾಣ. ಆದುದರಿಂದ ಹೆಸರನ್ನು ತೂಗುವ ಮೊದಲು ಅದನ್ನು ಯಾರು ಏಕೆ ಇಟ್ಟರೆಂದು ಕೇಳುವುದು ಉಪಾಧ್ಯಾಯನ ಧರ್ಮ. ಬೇಡವೆಂದು ಇಟ್ಟ ಹೆಸರನ್ನು ಬದಲಿಸೋಣ. ಬೇಕೆಂದು ಇಟ್ಟ ಹೆಸರನ್ನು ಕನ್ನಡವಾಗಿದೆಯೆಂಬ ಒಂದೇ ಕಾರಣಕ್ಕೆ ಬದಲಿಸುವುದು ಬೇಡ.

ಮಾಡಬಹುದಾದುದು

ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹಲವು ಮನೆಗಳಲ್ಲಿ ಅದು ತೀರಿಹೋದ ಅಜ್ಜಿಯ ಹೆಸರಾಗಿರುತ್ತದೆ. ಅತ್ತೆಯ ಹೆಸರನ್ನು ಸೊಸೆ ಎತ್ತಬಾರದೆಂಬ ಮರ್ಯಾದೆಯಿಂದ ಕೂಸನ್ನು ಕರೆಯಲು ಬೇರೊಂದು ಹೆಸರು ಹುಟ್ಟುತ್ತದೆ. ಹೀಗೆ ಒಂದೇ ಮಗುವಿಗೆ ತೊಟ್ಟಿಲ ಹೆಸರು, ಕರೆಯುವ ಹೆಸರು, ಕಡೆಗೆ ಕಾಗದದ ಹೆಸರು ಎಂದು ಮೂರಾಗುತ್ತವೆ. ಕಾಗದದ್ದು ಉಳಿಯುತ್ತದೆ, ತೊಟ್ಟಿಲದ್ದು ಅಜ್ಜಿಯರ ಜೊತೆಗೆ ಹೋಗುತ್ತದೆ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಪ್ರತಿಯೊಂದು ಗಡಿ ಶಾಲೆಯಲ್ಲಿಯೂ ಒಂದು ನೋಟುಪುಸ್ತಕವನ್ನಿಟ್ಟು, ಮಕ್ಕಳಿಂದ ಅವರ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ ಅವು ಬಂದ ಕಥೆಗಳನ್ನೂ ಬರೆಯಿಸೋಣ. ಮಗು ಕೇಳಿ ತಂದಂತೆಯೇ ಬರೆಯಲಿ. ನಾವು ತಿದ್ದುವುದು ಬೇಡ. ಹೆಸರು ಕೇಳಲು ಬರುವ ತಂದೆತಾಯಿಗಳಿಗೆ ಆ ಪುಸ್ತಕವನ್ನೇ ತೋರಿಸೋಣ. ಜಕ್ಕಲೆ, ಚಂದಲೆ, ಪದ್ಮಲೆ, ಸೋವಲೆ, ಮೈಲಲೆ, ಸಿರಿ, ಬೆಡಂಗಿ ಇವು ಯಾವ ನಗರದ ಮಗುವಿಗೂ ಒಪ್ಪುತ್ತವೆ. ಇವುಗಳಲ್ಲಿ ಒಂದನ್ನು ಆಯ್ದರೆ ತರಗತಿಯಲ್ಲಿ ಅದೇ ಹೆಸರಿನ ಇನ್ನೊಬ್ಬಳಿರುವ ಭಯವಿಲ್ಲ. ಲಿಪಿಯ ತೊಡಕಿಗೆ, ಪ್ರತಿಯೊಂದು ದಾಖಲೆಯಲ್ಲಿಯೂ ಹೆಸರನ್ನು ರಾಜ್ಯದ ಲಿಪಿಯ ಜೊತೆಗೆ ಕನ್ನಡದಲ್ಲಿಯೂ ಬರೆದುಕೊಳ್ಳುವ ರೂಢಿಯನ್ನು ನಮ್ಮ ಶಾಲೆಗಳಲ್ಲಾದರೂ ಉಳಿಸೋಣ.

ಕಳೆದ ವರ್ಷದ ದಾಖಲಾತಿಯ ದಿನಗಳಲ್ಲಿ ಒಬ್ಬ ತಂದೆ ಎಂಟನೆಯ ಇಯತ್ತೆಗೆ ಮಗಳನ್ನು ಸೇರಿಸಲು ಬಂದು, ಅವಳ ಹೆಸರಿನ ಕೊನೆಯ 'ಅವ್ವ'ವನ್ನು ತೆಗೆದು ಬರೆಯಲಾದೀತೇ ಎಂದು ಸಂಕೋಚದಿಂದ ಕೇಳಿದನು. ನಾವು ಹುಡುಗಿಯನ್ನು ಕೇಳಿದೆವು. ಅವಳು ತಲೆ ತಗ್ಗಿಸಿಕೊಂಡೇ, "ಇರಲಿ ಬಿಡ್ರಿ ಸರ್, ಅದು ನಮ್ಮ ಅಮ್ಮಂದು" ಎಂದಳು. ಇದ್ದ ಹಾಗೆಯೇ ಬರೆದೆವು.